ನೂರೈವತ್ತು ರೂಪಾಯಿಯ ತೋಪು

2025ರ ಮೇ ತಿಂಗಳ ಆ ನಾಲ್ಕು ದಿನ ನಮ್ಮ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಯುದ್ಧತಜ್ಞರೇ. ಯಾವ ಡ್ರೋನ್ ಎಷ್ಟು ದೂರ ಹಾರುತ್ತೆ, ಯಾವ ಕ್ಷಿಪಣಿ ಅದನ್ನು ಉರುಳಿಸುತ್ತೆ ಅಂತ ಮೊಬೈಲ್ ಮಾಡೆಲ್ ಹೋಲಿಸಿದ ಹಾಗೆ ಹೋಲಿಸ್ತಿದ್ದರು. ನಾನೂ ಹೋಲಿಸಿದೆ. ನಮ್ಮ ದೊಡ್ಡಪ್ಪನ ಮಗ ಫೌಜಿನಲ್ಲಿದ್ದಾನೆ. ಆ ನಾಲ್ಕೂ ದಿನ ಅವನ ಫೋನ್ ಬಂದ್ ಇತ್ತು. ಬಬಲೇಶ್ವರದಲ್ಲಿ ದೊಡ್ಡವ್ವ ಊಟ ಬಿಟ್ಟು ಕೂತಿದ್ದಳು, ಇಲ್ಲಿ ನಾನು ರೇಂಜ್ ಲೆಕ್ಕ ಹಾಕ್ತಿದ್ದೆ.

ಆ ನಾಚಿಕೆಯಲ್ಲಿ ಮತ್ತೆ ಕೈಗೆತ್ತಿಕೊಂಡ ಪುಸ್ತಕ ರಿಚರ್ಡ್ ಈಟನ್ ಮತ್ತು ಫಿಲಿಪ್ ವ್ಯಾಗನರ್ ಬರೆದ ‘ಪವರ್, ಮೆಮರಿ, ಆರ್ಕಿಟೆಕ್ಚರ್’ (2014). ದಖ್ಖನ್ನಿನ 1300ರಿಂದ 1600ರವರೆಗಿನ ಕತೆ. ಯುದ್ಧದ ರೀತಿ ಬದಲಾದಾಗ ಯಾರು ಕಲೀತಾರೆ ಅನ್ನೋ ಪ್ರಶ್ನೆಗೆ ಇದರಲ್ಲಿ ಒಳ್ಳೆಯ ಉತ್ತರವಿದೆ.

1520, ರಾಯಚೂರು. ಬಿಜಾಪುರದ ಇಸ್ಮಾಯಿಲ್ ಆದಿಲ್‌ಶಾ ನೂರಾರು ತೋಪು ತಂದಿದ್ದ. ಮೊದಲ ಸುತ್ತಿಗೇ ವಿಜಯನಗರದ ಸೈನ್ಯ ಚದುರಿತು. ಆದರೆ ಕೃಷ್ಣದೇವರಾಯ ತಿರುಗಿಬಿದ್ದ, ಗೆದ್ದ, ತೋಪುಗಳನ್ನೂ ವಶಪಡಿಸಿಕೊಂಡ. ಗೆದ್ದವರು ಕಲಿತ ಪಾಠ: ತೋಪು ಇಲ್ಲದೆಯೂ ನಡೆಯುತ್ತೆ. ಸೋತವರು ಕಲಿತ ಪಾಠ: ತೋಪು ಸುಧಾರಿಸಬೇಕು, ಕೋಟೆಯನ್ನೂ ಅದಕ್ಕೆ ತಕ್ಕಂತೆ ಕಟ್ಟಬೇಕು. 45 ವರ್ಷದ ನಂತರ, 1565ರಲ್ಲಿ, ಕೃಷ್ಣೆಯ ದಂಡೆಯ ರಕ್ಕಸಗಿ–ತಂಗಡಗಿಯಲ್ಲಿ ಇದರ ಫಲ ಕಂಡಿತು. ನಮ್ಮ ಕೆಲಸದಲ್ಲೂ ಹೀಗೇ ಅಲ್ವಾ? ಓಡ್ತಿರೋ ಕೋಡನ್ನು ಯಾರೂ ಮುಟ್ಟಲ್ಲ, ಬಿದ್ದದ್ದನ್ನೇ ತಿದ್ದೋದು. ತಾಳಿಕೋಟೆ ಅಂದ್ರೆ ಬರೀ ದ್ರೋಹ, ಇಲ್ಲವೇ ಬರೀ ಧರ್ಮ ಅಂತ ಕೇಳಿ ಬೆಳೆದವರು ಇದನ್ನು ಓದಲೇಬೇಕು.

ನನ್ನ ತಕರಾರು ಇರೋದು ಪುಸ್ತಕ ಮುಗಿಯುವ ಜಾಗದಲ್ಲಿ. ಅದು 1600ಕ್ಕೆ ನಿಲ್ಲುತ್ತೆ. ಅಲ್ಲಿಗೇ ಮುಚ್ಚಿಟ್ಟರೆ ‘ಹೊಸ ಆಯುಧ ಕಲಿತವನು ಉಳೀತಾನೆ’ ಅನಿಸುತ್ತೆ. ಅದೇ ಕಲಿತ ಬಿಜಾಪುರ 1686ರಲ್ಲಿ ಬಿತ್ತಲ್ಲ, ಅದು ಹೇಗೆ?

ದೀಪಾವಳಿಗೆ ಊರಿಗೆ ಹೋದಾಗ ಶರ್ಜಾ ಬುರುಜಿನ ಮೇಲೆ ನಿಂತು ಇದನ್ನೇ ಯೋಚಿಸಿದೆ. ಎದುರಿಗೆ ಮಲಿಕ್-ಎ-ಮೈದಾನ್. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು, ಸುಮಾರು 55 ಟನ್ ತೂಕ. 1632ರಲ್ಲಿ ಪರಾಂಡಾದಿಂದ ಎತ್ತು, ಆನೆ ಹೂಡಿ ಎಳೆದು ತಂದರು. ಸುತ್ತ ಸುಮಾರು 10 ಕಿಲೋಮೀಟರ್ ಗೋಡೆ. ಹತ್ತಿರದಲ್ಲೇ ಉಪಲಿ ಬುರುಜು, ಅದರ ಮೇಲೂ ಉದ್ದನೆಯ ತೋಪು. ಆಯುಧಕ್ಕೇನೂ ಕೊರತೆ ಇರಲಿಲ್ಲ.

ಕೊರತೆ ಇದ್ದದ್ದು ಬೇರೆ. ಸಿಕಂದರ್ ಆದಿಲ್‌ಶಾ ಪಟ್ಟಕ್ಕೆ ಬಂದಾಗ ಚಿಕ್ಕ ಮಗು. ಸರದಾರರು ತಮ್ಮತಮ್ಮಲ್ಲೇ ಕಚ್ಚಾಡಿದರು. 1685ರಲ್ಲಿ ಮೊಘಲರು ಮುತ್ತಿಗೆ ಹಾಕಿದರು. ಹಸಿವು ಎರಡೂ ಕಡೆ ಇತ್ತು. ಆದರೆ ಹೊರಗಿದ್ದವರಿಗೆ ದೂರದಿಂದ ಧಾನ್ಯ ಬಂತು, ಒಳಗಿದ್ದವರಿಗೆ ಬರಲಿಲ್ಲ. 1686ರ ಸೆಪ್ಟೆಂಬರಿನಲ್ಲಿ ಊರು ಶರಣಾಯಿತು. ಔರಂಗಜೇಬ ಅದೇ ತೋಪಿನ ಮೇಲೆ ತನ್ನ ಗೆಲುವಿನ ಬರಹ ಕೆತ್ತಿಸಿದ. 1854ರಲ್ಲಿ ಇಂಗ್ಲಿಷರು ಅದನ್ನು ಹರಾಜಿಗಿಟ್ಟಾಗ ಬಂದ ಬೆಲೆ ನೂರೈವತ್ತು ರೂಪಾಯಿ. ಅಷ್ಟಕ್ಕೆ ಮಾರಬಾರದು ಅಂತ ಯಾರೋ ತಡೆದಿದ್ದಕ್ಕೆ ಇವತ್ತು ಅದು ನಮ್ಮಲ್ಲಿದೆ.

ಅವತ್ತು ಸಂಜೆ ತಿಕೋಟಾದಲ್ಲಿ ನಮ್ಮ ಕಾಕಾನ ತೊಗರಿ ಹೊಲಕ್ಕೆ ಬಾಡಿಗೆ ಡ್ರೋನ್ ಬಂದಿತ್ತು, ಔಷಧ ಸಿಂಪಡಿಸೋಕೆ. ನಾನು ಉಕ್ರೇನ್ ಕತೆ ಶುರು ಮಾಡಿದೆ: ಅಗ್ಗದ ಡ್ರೋನು ಕೋಟಿಗಟ್ಟಲೆ ಬೆಲೆಯ ಟ್ಯಾಂಕ್ ಹೇಗೆ ಸುಡುತ್ತೆ ಅಂತ. ಕಾಕಾ ಕೊಡ ತುಂಬುತ್ತಲೇ ಅಂದ, “ತಮ್ಮಾ, ಹಾರತೈತಿ ಖರೆ. ನೀರು ನಾವ ಹೊರಬೇಕು, ಬ್ಯಾಟರಿ ಅವ ತರಬೇಕು. ಕರೆಂಟ್ ಹೋತಂದ್ರ ಅದೂ ನಮ್ಮಂಗ ಬದುವಿನ ಮ್ಯಾಲ ಕುಂದರತೈತಿ.”

ಈಟನ್–ವ್ಯಾಗನರ್ ಪುಸ್ತಕ ಓದಿ ಅಂತ ಈಗಲೂ ಹೇಳ್ತೀನಿ. ಆದರೆ ಮುಗಿಸಿದ ಮೇಲೆ ಇನ್ನೂ 86 ವರ್ಷ ಮುಂದಕ್ಕೆ ಹೋಗಿ ನೋಡಿ. ಡ್ರೋನ್ ಎಷ್ಟು ದೂರ ಹಾರುತ್ತೆ ಅಂತ ಕೇಳಿದವರು, ಅದಕ್ಕೆ ಚಿಪ್ಪು ಎಲ್ಲಿಂದ ಬರುತ್ತೆ, ನಾಲ್ಕು ದಿನದ ಯುದ್ಧ ನಾಲ್ಕು ವರ್ಷವಾದರೆ ಕಾಳು, ಎಣ್ಣೆ, ಗೊಬ್ಬರ ಎಲ್ಲಿಂದ ಬರುತ್ತೆ, ಅಷ್ಟು ದಿನ ನಾವು ಒಬ್ಬರನ್ನೊಬ್ಬರು ನಂಬಿಕೊಂಡು ಇರ್ತೀವಾ ಅಂತಲೂ ಕೇಳಬೇಕು. ದೇಶ ನಿಲ್ಲೋದು, ಬೀಳೋದು ಅಲ್ಲೇ.

ಅಂದ ಹಾಗೆ, ಕದನವಿರಾಮ ಆದ ಮೇಲೆ ಅಣ್ಣನ ಫೋನ್ ಬಂತು. ನಾನು ಡ್ರೋನ್ ಬಗ್ಗೆ ಕೇಳಬೇಕು ಅಂತಿದ್ದೆ. ಅವನೇ ಮೊದಲು ಕೇಳಿದ, “ಅವ್ವನ ಬಿಪಿ ಗುಳಿಗಿ ಮುಗದಿರಬೇಕಲಾ, ಯಾರರ ತಂದುಕೊಟ್ರೇನು?”

ಯಾರೂ ಕೊಟ್ಟಿರಲಿಲ್ಲ.