ಬಿಯರ್‌ಗೆ ಹೆಸರಿಟ್ಟವರು ಯಾರು?

ಬೆಂಗಳೂರಿನ ಬ್ರೂಪಬ್‌ಗಳ ಮೆನುವಿನಲ್ಲಿ ಏಲ್ ಎಂದರೆ ಬಿಯರ್‌ನ ಒಂದು ಬಗೆ. ಪದಗಳ ವಂಶಾವಳಿ ತೆಗೆದರೆ ಲೆಕ್ಕ ಹೀಗಿಲ್ಲ. ಸ್ವೀಡನ್ನಿನ ‘ಓಲ್’, ಲಿಥುವೇನಿಯದ ‘ಅಲುಸ್’, ಫಿನ್ಲೆಂಡಿನ ‘ಓಲುತ್’ ಎಂಬ ಬಿಯರ್‌ನ ಹೆಸರುಗಳೆಲ್ಲವೂ ಏಲ್‌ನ ನೆಂಟರೇ. ಉತ್ತರ ಯುರೋಪಿನ ಹಳೆಯ ಚಿನ್ನದ ತಾಯಿತಗಳ ಮೇಲೆ ರೂನ್ ಲಿಪಿಯಲ್ಲಿ ‘ಅಲು’ ಎಂದು ಕೊರೆದಿದ್ದಾರೆ. ಅದು ಪಾನೀಯವೋ ಮಂತ್ರವೋ ಎಂಬ ವಾದ ಇನ್ನೂ ಮುಗಿದಿಲ್ಲ.

ಬಿಯರ್‌ನ ಹುಟ್ಟು ಇದಕ್ಕಿಂತ ಗೋಜಲು. ಹೆಚ್ಚು ಜನಪ್ರಿಯವಾದ ಕತೆ ಕ್ರೈಸ್ತ ಮಠಗಳದ್ದು: ಲ್ಯಾಟಿನ್ನಿನಲ್ಲಿ ‘ಬಿಬೆರೆ’ ಎಂದರೆ ಕುಡಿಯುವುದು, ಸನ್ಯಾಸಿಗಳ ಪಾನೀಯ ‘ಬಿಬೆರ್’, ಅದೇ ಸವೆದು ಜರ್ಮನ್ನರ ‘ಬಿಯರ್’ ಆಯಿತಂತೆ. ನನಗೇಕೋ ಇದು ಪೂರ್ತಿ ಗಂಟಲಿಗಿಳಿಯುವುದಿಲ್ಲ. ಲ್ಯಾಟಿನ್ ಬರೆದವರು ಈ ಪಾನೀಯವನ್ನು ಕರೆಯುತ್ತಿದ್ದುದು ‘ಸೆರ್ವಿಸಿಯ’ ಎಂದು; ಸ್ಪೇನಿನ ‘ಸೆರ್ವೆಸ’ ಅದರ ಕೂಸು. ಕೈಯಲ್ಲೇ ಹೆಸರಿರುವಾಗ ಇನ್ನೊಂದೇಕೆ? ಬಾರ್ಲಿಯನ್ನು ಸೂಚಿಸುವ ಹಳೆಯ ಜರ್ಮ್ಯಾನಿಕ್ ಪದದಿಂದ ಬಂತು ಎನ್ನುವವರೂ ಇದ್ದಾರೆ. ಧಾನ್ಯದ ಹೆಸರೇ ಪಾನೀಯಕ್ಕೆ ಬರುವುದು ಸಹಜ, ಆದರೆ ಕೊನೆಯ ‘ರ’ಕಾರಕ್ಕೆ ಲೆಕ್ಕ ಕೊಡುವುದು ಅವರಿಗೂ ಕಷ್ಟ.

ನಿಜವಾದ ಮೋಜು ಇರುವುದು ಇಂಗ್ಲೆಂಡಿನಲ್ಲಿ. ಹಳೆಯ ಇಂಗ್ಲಿಷಿನಲ್ಲಿ ‘ಎಯಲು’, ‘ಬೆಯೋರ್’ ಎರಡೂ ಇದ್ದವು. ಎರಡೂ ಒಂದೇ ಎಂದು ಬಹುಕಾಲ ನಂಬಿದ್ದರು. 1975ರಲ್ಲಿ ಕ್ರಿಸ್ಟೀನ್ ಫೆಲ್ ಎಂಬ ವಿದ್ವಾಂಸೆ ಬೇರೆಯದೇ ವಾದ ಮುಂದಿಟ್ಟರು. ಹಳೆಯ ಇಂಗ್ಲಿಷಿನ ಕಾಲದ ಪದಪಟ್ಟಿಗಳು ‘ಬೆಯೋರ್’ ಅನ್ನು ಜೇನಿನ ಪಾನೀಯಗಳ ಸಾಲಿಗೆ ಸೇರಿಸುತ್ತವೆ. ಒಂದು ವೈದ್ಯಗ್ರಂಥವಂತೂ ತೂಕವನ್ನೇ ಹೇಳುತ್ತದೆ: ಏಲ್ ನೀರಿಗಿಂತ ಭಾರ, ಬೆಯೋರ್ ನೀರಿಗಿಂತ ಹಗುರ. ಹಗುರ ಎಂದರೆ ಮದ್ಯಸಾರ ಜೋರು. ಅಲ್ಲಿಗೆ ಅದು ಬಾರ್ಲಿಯದಲ್ಲ, ಸಿಹಿಯಾದ, ತಲೆಗೇರುವ ಹಣ್ಣಿನದೋ ಜೇನಿನದೋ ಪಾನೀಯ. ಈ ತೂಕದ ಸಾಕ್ಷಿಯ ಮುಂದೆ ಎಷ್ಟೋ ಭಾಷಾಶಾಸ್ತ್ರದ ಊಹೆಗಳು ಪೇಲವ ಅನಿಸುತ್ತವೆ.

ನಾರ್ಮನ್ನರು ಬಂದ ಮೇಲೆ ‘ಬೆಯೋರ್’ ಪದ ಬಳಕೆಯಿಂದ ಹೆಚ್ಚೂಕಡಿಮೆ ಮರೆಯಾಯಿತು. ಮತ್ತೆ ಕಾಲಿಟ್ಟದ್ದು ಫ್ಲಾಂಡರ್ಸ್, ಹಾಲೆಂಡ್ ಕಡೆಯಿಂದ ಹಾಪ್ಸ್ ಎಂಬ ಕಹಿ ಹೂ ಹಾಕಿದ ಪಾನೀಯದ ಜೊತೆಗೆ. 15ನೇ ಶತಮಾನದ ಇಂಗ್ಲಿಷರಿಗೆ ಹಾಪ್ಸ್ ಇದ್ದದ್ದು ಬಿಯರ್, ಇಲ್ಲದ್ದು ಏಲ್.

ಇಂದು ಏಲ್‌ಗೂ ಹಾಪ್ಸ್ ಬೀಳುತ್ತದೆ. ಈಗ ಅದನ್ನು ಲಾಗರ್ ಎಂಬ ಇನ್ನೊಂದು ಬಗೆಯ ಬಿಯರ್‌ನಿಂದ ಬೇರೆ ಮಾಡುವುದು ಮುಖ್ಯವಾಗಿ ಯೀಸ್ಟ್ ಮತ್ತು ಹುದುಗುವ ಶಾಖ.