ಸವಾರನಿಗೆ ಬರ್ತು, ಸೈಕಲ್ಲಿಗೆ ಗೋಣಿ

ಸೈಕಲ್ ಪ್ರವಾಸದ ಬರಹಗಳಲ್ಲಿ ಘಟ್ಟದ ತಿರುವುಗಳಿರುತ್ತವೆ, ಎದುರುಗಾಳಿ ಇರುತ್ತದೆ, ದಾರಿಬದಿಯ ಚಹಾದಂಗಡಿಯಂತೂ ಇದ್ದೇ ಇರುತ್ತದೆ. ಸೈಕಲ್ಲು ಆ ಘಟ್ಟದ ಬುಡಕ್ಕೆ ಬಂದು ತಲುಪಿದ್ದು ಹೇಗೆ ಎಂಬುದು ಮಾತ್ರ ಅರ್ಧ ವಾಕ್ಯದಲ್ಲಿ ಮುಗಿದುಹೋಗುತ್ತದೆ. ಕೈಯಲ್ಲಿರುವುದು ಒಂದು ವಾರದ ರಜೆಯಾದರೆ, ಅದರಲ್ಲಿ ಎರಡು ದಿನ ಉಳಿಯುತ್ತದೋ ಹಾಳಾಗುತ್ತದೋ ಎಂಬುದು ತೀರ್ಮಾನವಾಗುವುದು ಆ ಅರ್ಧ ವಾಕ್ಯದಲ್ಲೇ. ಬೆಂಗಳೂರು, ಮೈಸೂರುಗಳ ರಸ್ತೆಗಳಲ್ಲಿ ಲಕ್ಷ ರೂಪಾಯಿ ಬೆಲೆಯ ಸೈಕಲ್ಲುಗಳು ಓಡಾಡತೊಡಗಿ ಎಷ್ಟೋ ವರ್ಷವಾಯಿತು. ಅವುಗಳನ್ನು ಊರಿಂದೂರಿಗೆ ಸಾಗಿಸುವ ಕ್ರಮ ಇನ್ನೂ ಮೂಟೆ ಸಾಗಿಸುವ ಕ್ರಮವೇ.

ಸಾಗಣೆಯ ಬಗೆಗಳನ್ನು ತೂಗಲು ನಾನು ಬಳಸುವ ತಕ್ಕಡಿ ಒಂದೇ. ಇಳಿದ ಮೇಲೆ ಎಷ್ಟು ಹೊತ್ತಿಗೆ ಪೆಡಲ್ ತುಳಿಯಬಹುದು? ಖರ್ಚು, ಆರಾಮ, ಸೈಕಲ್ಲಿಗೆ ಬೀಳುವ ಗೀರು ಇವೆಲ್ಲ ಆಮೇಲಿನ ಲೆಕ್ಕ.

ಈ ತಕ್ಕಡಿಯಲ್ಲಿ ಕಾರೇ ಗೆಲ್ಲಬೇಕು. ಡಿಕ್ಕಿಯ ಬಾಗಿಲಿಗೆ ಪಟ್ಟಿ ಬಿಗಿದು ಕೂರಿಸುವ ರ‍್ಯಾಕು ಈಗ ಸುಲಭವಾಗಿ ಸಿಗುತ್ತದೆ, ಎರಡು ಮೂರು ಸೈಕಲ್ಲು ಹೊರುತ್ತದೆ. ನಂಬರ್ ಪ್ಲೇಟು, ಹಿಂದಿನ ದೀಪ ಮರೆಯಾಗದಂತೆ ಕಟ್ಟಿಕೊಂಡರೆ ಪೊಲೀಸರ ತಕರಾರೂ ಇರುವುದಿಲ್ಲ. ಕಾರು ನಿಲ್ಲಿಸಿದ ಐದು ನಿಮಿಷಕ್ಕೆ ಸವಾರಿ ಶುರು. ಆದರೂ ಪ್ರವಾಸಕ್ಕೆ ನಾನು ಕಾರನ್ನು ಒಪ್ಪಲಾರೆ. ಕಾರಿನಲ್ಲಿ ಹೋದವನು ಕಾರಿದ್ದಲ್ಲಿಗೇ ವಾಪಸು ಬರಬೇಕು. ಜೋಗದಿಂದ ಮಾವಿನಗುಂಡಿ ದಾಟಿ, ಗೇರುಸೊಪ್ಪೆಯ ಘಟ್ಟ ಇಳಿದು, ಶರಾವತಿಯ ಮಗ್ಗುಲಲ್ಲೇ ಹೊನ್ನಾವರ ಸೇರುವ ದಾರಿಯನ್ನು ನೆನೆಸಿಕೊಳ್ಳಿ. ಅಷ್ಟು ಹೊತ್ತು ಬ್ರೇಕ್ ಹಿಡಿದು ಇಳಿದು ಕಡಲು ಕಂಡವನ ಹ್ಯಾಂಡಲ್ ಗೋಕರ್ಣದ ಕಡೆಗೋ ಕಾರವಾರದ ಕಡೆಗೋ ತಿರುಗುತ್ತದೆಯೇ ಹೊರತು ಬಂದ ಘಟ್ಟದತ್ತ ತಿರುಗುವುದಿಲ್ಲ. ಕಾರು ಸಾಗರದಲ್ಲಿ ನಿಂತಿದ್ದರೆ ತಿರುಗಲೇಬೇಕು. ಡ್ರೈವರನ್ನು ಕಟ್ಟಿಕೊಂಡು ಹಿಂದೆ ಹಿಂದೆ ಕಾರು ಓಡಿಸುತ್ತಾ ಬರಬಹುದಲ್ಲ ಎನ್ನುವವರಿದ್ದಾರೆ. ಹಾಗಾದರೆ ಅದು ಕಾರಿನ ಪ್ರವಾಸವಾಯಿತು, ನಡುನಡುವೆ ಸೈಕಲ್ ವ್ಯಾಯಾಮವೂ ಇತ್ತು ಅನ್ನಬಹುದು. ಒಂದು ಬಿಂದುವಿನಿಂದ ಹೊರಟು ಇನ್ನೊಂದು ಬಿಂದುವಿಗೆ ಹೋಗಿಬಿಡುವ ಸ್ವಾತಂತ್ರ್ಯವೇ ಸೈಕಲ್ ಪ್ರವಾಸದ ಜೀವ. ಅದನ್ನು ಕಿತ್ತುಕೊಳ್ಳುವ ಸಾಗಣೆ ಎಷ್ಟೇ ಚುರುಕಾಗಿದ್ದರೂ ಅದಕ್ಕೆ ಪಾಸು ಮಾರ್ಕು ಕೊಡಲಾರೆ.

ವಿಮಾನಕ್ಕೆ ಇರುವ ಮರ್ಯಾದೆ ಅದರ ಯೋಗ್ಯತೆಗಿಂತ ಹೆಚ್ಚು. ಸೈಕಲ್ ಅಂಗಡಿಯವರು ಹೊಸ ಸೈಕಲ್ಲು ಬಂದಿದ್ದ ರಟ್ಟಿನ ಪೆಟ್ಟಿಗೆಯನ್ನು ಕೇಳಿದರೆ ಕೊಡುತ್ತಾರೆ. ಅಲ್ಲಿಂದ ಶುರುವಾಗುವ ಕೆಲಸ ನೋಡಿ. ಪೆಡಲ್ ಬಿಚ್ಚಬೇಕು. ಎಡಗಡೆಯದು ಉಲ್ಟಾ ತಿರುಪು. ಹ್ಯಾಂಡಲ್ ಸಡಿಲಿಸಿ ಫ್ರೇಮಿನ ಪಕ್ಕಕ್ಕೆ ಕಟ್ಟಬೇಕು, ಮುಂದಿನ ಗಾಲಿ ಕಳಚಿ ಫೋರ್ಕಿನ ಕಾಲುಗಳು ಒಳಕ್ಕೆ ಅದುಮಿಹೋಗದಂತೆ ನಡುವೆ ಒಂದು ತುಂಡು ಸಿಕ್ಕಿಸಬೇಕು. ಆಯಿಲ್ ಬ್ರೇಕಿನ ಸೈಕಲ್ಲಾದರೆ ಪ್ಯಾಡುಗಳ ನಡುವೆಯೂ ದಪ್ಪ ರಟ್ಟು ಇಡಬೇಕು. ಇಲ್ಲದಿದ್ದರೆ ಸಾಗಣೆಯಲ್ಲಿ ಯಾರೋ ಲಿವರ್ ಅದುಮಿದಾಗ ಪ್ಯಾಡುಗಳು ಒಂದಕ್ಕೊಂದು ಅಂಟಿಕೊಂಡು ಗಾಲಿ ವಾಪಸು ಕೂರುವುದೇ ಇಲ್ಲ. ಇಷ್ಟೆಲ್ಲ ಮಾಡಿದ ಮೇಲೂ ಸೈಕಲ್ಲು ಹನ್ನೆರಡು ಹದಿಮೂರು ಕಿಲೋ, ಪೆಟ್ಟಿಗೆ ಮೂರು ನಾಲ್ಕು ಕಿಲೋ. ದೇಶದೊಳಗಿನ ಸಾಮಾನ್ಯ ಟಿಕೆಟ್ಟಿಗೆ ಸಿಗುವ 15 ಕಿಲೋ ಅಲ್ಲಿಗೇ ಮುಗಿಯಿತು. ಉದ್ದ, ಅಗಲ, ಎತ್ತರ ಕೂಡಿದರೆ 158 ಸೆಂಟಿಮೀಟರ್ ಮೀರಬಾರದು ಎಂಬ ಅಳತೆಯನ್ನು ಸೈಕಲ್ ಪೆಟ್ಟಿಗೆಯ ಉದ್ದವೊಂದೇ ಹತ್ತಿರ ಹತ್ತಿರ ಮುಟ್ಟಿರುತ್ತದೆ. ಟೈರಿನ ಗಾಳಿ ಇಳಿಸಿ ಎನ್ನುತ್ತಾರೆ. ಸಾಮಾನು ಇಡುವ ಜಾಗದಲ್ಲೂ ಒತ್ತಡ ಕಾಯ್ದುಕೊಂಡಿರುವುದರಿಂದ ಟೈರು ಸಿಡಿಯುವ ಮಾತಿಲ್ಲ. ಆದರೂ ವಾದ ಬೇಡ, ಸ್ವಲ್ಪ ಇಳಿಸಿಬಿಡುವುದೇ ವಾಸಿ. ಬ್ಯಾಟರಿ ಸೈಕಲ್ಲಿನವರಿಗಂತೂ ಬಾಗಿಲೇ ಮುಚ್ಚಿದೆ. 160 ವಾಟ್-ಅವರ್ ಮೀರಿದ ಲಿಥಿಯಂ ಬ್ಯಾಟರಿಯನ್ನು ಪ್ರಯಾಣಿಕರು ಒಯ್ಯುವಂತಿಲ್ಲ. 36 ವೋಲ್ಟಿನ, 7.5 ಆಂಪಿಯರ್-ಅವರಿನ ಸಣ್ಣ ಬ್ಯಾಟರಿಯೇ 270 ಆಗುತ್ತದೆ.

ಇಳಿದ ಮೇಲೆ ಇದೆಲ್ಲವನ್ನೂ ಹಿಂದುಮುಂದಾಗಿ ಮಾಡಬೇಕು. ವಿಮಾನ ಉಳಿಸಿದ ಹೊತ್ತಿನಲ್ಲಿ ಒಂದು ಪಾಲನ್ನು ಅಲೆನ್ ಕೀ ತಿಂದುಹಾಕುತ್ತದೆ. ಲೇಹ್‌ನ ವಿಷಯದಲ್ಲಿ ಇನ್ನೊಂದು ತೊಡಕಿದೆ, ಅದು ನನ್ನ ತಕ್ಕಡಿಯನ್ನೇ ಪ್ರಶ್ನಿಸುತ್ತದೆ. ಬೆಂಗಳೂರಿನ ಎತ್ತರ ಸುಮಾರು 900 ಮೀಟರ್, ಲೇಹ್ ಪಟ್ಟಣದ್ದು ಸುಮಾರು 3,500. ಬೆಳಗ್ಗೆ ಇಲ್ಲಿ ತಿಂಡಿ ತಿಂದವನು ಅದೇ ದಿನ ಅಲ್ಲಿ ಇಳಿದು ಸೈಕಲ್ ಜೋಡಿಸಿ ತುಳಿಯಲು ಹೊರಟರೆ ಸಾಹಸವಾಗುವುದಿಲ್ಲ, ಆಸ್ಪತ್ರೆಯ ದಾರಿಯಾಗುತ್ತದೆ. ಸೈಕಲ್ಲು ಸಿದ್ಧವಾಗಿದ್ದರೂ ಶ್ವಾಸಕೋಶ ಸಿದ್ಧವಾಗಿರುವುದಿಲ್ಲ, ಕನಿಷ್ಠ ಎರಡು ದಿನ ಸುಮ್ಮನೆ ಕೂರಬೇಕು. ಮನಾಲಿಯಿಂದ ಲೇಹ್‌ಗೆ 427 ಕಿಲೋಮೀಟರ್, ನಡುವೆ 5,300 ಮೀಟರ್ ದಾಟಿದ ತಂಗ್ಲಂಗ್ ಲಾ ಕಣಿವೆಮಾರ್ಗ. ಹೋಗುವಾಗ ನೆಲದ ಮೇಲೆ ಹೋಗಿ, ಬರುವಾಗ ಲೇಹ್‌ನಿಂದ ವಿಮಾನ ಹತ್ತುವವರೇ ಜಾಣರು. ವಿಮಾನ ಸೈಕಲ್ಲಿಗೆ ಸಲ್ಲುವುದು ಮರಳಿ ಬರುವಾಗ. ಮನೆಯಲ್ಲಿ ಜೋಡಿಸಲು ಯಾವ ಅವಸರ?

ಬಸ್ಸಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಿಂದೆ ಏಣಿ ಹತ್ತಿ ಟಾಪಿಗೆ ಸೈಕಲ್ ಕಟ್ಟುವುದು ಮಾಮೂಲಾಗಿತ್ತು. ಕಟ್ಟಲು ಹಗ್ಗವೋ ಹಳೇ ಟ್ಯೂಬೋ ಇದ್ದರೆ ಸಾಕಿತ್ತು. ಈಗಿನ ಹೆಚ್ಚಿನ ಬಸ್ಸುಗಳಿಗೆ ಟಾಪಿನಲ್ಲಿ ಕ್ಯಾರಿಯರೇ ಇಲ್ಲ. ಹೊಟ್ಟೆಯ ಡಿಕ್ಕಿಯಲ್ಲಿ ಮಲಗಿಸಿದರೆ ಎರಡೂ ಗಾಲಿ ಬಿಚ್ಚಬೇಕು, ಮೇಲೆ ಯಾರ ಸೂಟ್‌ಕೇಸು ಬೀಳುತ್ತದೋ ಹೇಳಲಾಗದು. ಅಲ್ಲಿ ನಿಯಮವೆಂದರೆ ಕಂಡಕ್ಟರರ ಮನಸ್ಸು. ಒಳ್ಳೆಯವರು ಸಿಕ್ಕರೆ ಲಗೇಜ್ ಟಿಕೆಟ್ ಹರಿದು ಕೊಟ್ಟು "ಹಾಕಿ ಸಾರ್" ಅನ್ನುತ್ತಾರೆ, ಇಲ್ಲವಾದರೆ ಮುಂದಿನ ಬಸ್ಸು. ಬಸ್ಸು ಹತ್ತಿದರೆ ಸವಾರಿಯ ಶುದ್ಧಿ ಕೆಟ್ಟಿತು ಎಂದುಕೊಳ್ಳುವವರಿಗೆ ಒಂದು ಮಾತು: 1963ರಲ್ಲಿ ಐರ್ಲೆಂಡಿನಿಂದ ಭಾರತಕ್ಕೆ ಸೈಕಲ್ಲಿನಲ್ಲಿ ಬಂದ, ಮುಂದೆ ಮಗಳ ಜೊತೆ ಕೊಡಗಿಗೂ ಬಂದು ಪುಸ್ತಕ ಬರೆದ ಡರ್ವ್ಲಾ ಮರ್ಫಿ ಕೂಡ ದಾರಿಯಲ್ಲಿ ಅಲ್ಲಲ್ಲಿ ಬಸ್ಸು ಲಾರಿಗಳನ್ನು ಹತ್ತಿದವರೇ.

ನಾನು ನಿಜವಾಗಿ ಮಾತಾಡಬೇಕೆಂದಿರುವುದು ರೈಲಿನ ಬಗ್ಗೆ. ಇಡೀ ಸೈಕಲ್ಲನ್ನು, ಒಂದು ತಿರುಪೂ ಬಿಚ್ಚದೆ, ಸಾವಿರಾರು ಕಿಲೋಮೀಟರ್ ಒಯ್ಯಲು ಒಪ್ಪುವ ವ್ಯವಸ್ಥೆ ನಮ್ಮಲ್ಲಿ ಇರುವುದು ರೈಲಿನಲ್ಲಿ ಮಾತ್ರ. ಗಾಡಿಯ ತುದಿಯಲ್ಲಿ ಗಾರ್ಡ್ ಡಬ್ಬಿಗೆ ಹೊಂದಿಕೊಂಡ ಬ್ರೇಕ್ ವ್ಯಾನು ಇರುತ್ತದೆ. (2022ರಿಂದ ಗಾರ್ಡು 'ಟ್ರೇನ್ ಮ್ಯಾನೇಜರ್' ಆಗಿದ್ದಾರೆ, ಡಬ್ಬಿ ಮಾತ್ರ ಜನರ ಬಾಯಲ್ಲಿ ಗಾರ್ಡ್ ಡಬ್ಬಿಯೇ.) ಸ್ಲೀಪರಿನವರಿಗೆ 40 ಕಿಲೋ, ಎರಡನೇ ದರ್ಜೆ ಎ.ಸಿ.ಯವರಿಗೆ 50 ಕಿಲೋ ಸಾಮಾನು ಉಚಿತವಾದರೂ ಸೈಕಲ್ಲು, ಸ್ಕೂಟರುಗಳಿಗೆ ಆ ರಿಯಾಯಿತಿ ಇಲ್ಲ. ಅವುಗಳಿಗೆ ಬೇರೆ ಬಾಡಿಗೆ ಕಟ್ಟಿ ವ್ಯಾನಿಗೆ ಹಾಕಬೇಕು. ಬಾಡಿಗೆ ಕೇಳುವುದರಲ್ಲಿ ಅನ್ಯಾಯವೇನೂ ಇಲ್ಲ.

ಪಾರ್ಸಲ್ ಆಫೀಸಿನ ಒಳಗೆ ಕಾಲಿಟ್ಟವನಿಗೆ ಎರಡು ದಾರಿಗಳಿವೆ, ಅವುಗಳ ವ್ಯತ್ಯಾಸವನ್ನು ಹೊರಗೆ ಯಾರೂ ದಪ್ಪ ಅಕ್ಷರದಲ್ಲಿ ಬರೆದಿರುವುದಿಲ್ಲ. ಒಂದು ಲಗೇಜು: ನಿಮ್ಮ ಟಿಕೆಟ್ ತೋರಿಸಿ ಬುಕ್ ಮಾಡಿದರೆ ಸೈಕಲ್ಲು ನಿಮ್ಮ ರೈಲಿನಲ್ಲೇ ಬರಬೇಕು. ಇನ್ನೊಂದು ಪಾರ್ಸಲ್: ಟಿಕೆಟ್ ಬೇಕಿಲ್ಲ, ಸೈಕಲ್ಲು ಜಾಗ ಸಿಕ್ಕ ರೈಲಿನಲ್ಲಿ ಹೋಗುತ್ತದೆ. ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿ ಕಳೆದು ಹೊಸದಿಲ್ಲಿಯಲ್ಲಿ ಇಳಿದವನು, ಸೈಕಲ್ಲು ಪಾರ್ಸಲ್ಲಾಗಿ ಹೊರಟಿದ್ದರೆ, ಮನಾಲಿಯ ಬಸ್ಸು ಬಿಟ್ಟುಕೊಟ್ಟು ಅದನ್ನು ಕಾಯುತ್ತಾ ಕೂರಬೇಕಾಗಬಹುದು. ರೈಲು ಹೊರಡುವ ಅರ್ಧ ಗಂಟೆ ಮೊದಲು ಲಗೇಜು ತಂದರೆ ಸಾಕೆಂದು ನಿಯಮ ಹೇಳುತ್ತದೆ. ನಿಯಮವನ್ನು ನಂಬಿ ಅರ್ಧ ಗಂಟೆಗೆ ಹೋದವರ ಎದೆಬಡಿತ ಪ್ಲಾಟ್‌ಫಾರ್ಮಿಗೆಲ್ಲ ಕೇಳಿಸುತ್ತದೆ. ಎರಡು ಮೂರು ಗಂಟೆ ಇಟ್ಟುಕೊಳ್ಳಿ.

ದೊಡ್ಡ ನಿಲ್ದಾಣಗಳ ಪಾರ್ಸಲ್ ಆಫೀಸಿನ ಆಸುಪಾಸಿನಲ್ಲಿ ಗೋಣಿತಾಟು, ಹುಲ್ಲು, ಸೆಣಬಿನ ಹುರಿ, ದಬ್ಬಣ ಹಿಡಿದು ಕೂತ ಪ್ಯಾಕಿಂಗಿನವರು ಇರುತ್ತಾರೆ. ಮೋಟಾರ್ ಬೈಕನ್ನು ಇವರು ಕಟ್ಟುವುದನ್ನು ನಿಂತು ನೋಡಬೇಕು. ಟ್ಯಾಂಕಿಗೆ ಹುಲ್ಲಿನ ಮೆತ್ತೆ, ಹ್ಯಾಂಡಲ್ಲಿಗೆ ಸುತ್ತು, ಮೇಲೆ ಗೋಣಿ, ಸರಸರ ಹೊಲಿಗೆ, ಕೊನೆಗೆ ಬಣ್ಣದಲ್ಲಿ ಊರಿನ ಹೆಸರು. ಆದರೆ ಗೇರಿನ ಸೈಕಲ್ಲಿನ ಮರ್ಮಸ್ಥಾನ ಬೇರೆ. ಹಿಂದಿನ ಗಾಲಿಯ ಬಲಗಡೆ ನೇತಾಡುವ ಡಿರೇಲರು, ಅದನ್ನು ಹಿಡಿದಿರುವ ಬೆರಳಗಲದ ಹ್ಯಾಂಗರು. ಇದು ಬಗ್ಗಿದರೆ ಚೈನು ಹಲ್ಲಿಂದ ಹಲ್ಲಿಗೆ ಹಾರುತ್ತದೆ, ಪ್ರವಾಸ ಅಲ್ಲಿಗೇ ಕುಂಟುತ್ತದೆ. ಹಿಂದಿನ ದೊಡ್ಡ ಹಲ್ಲಿಗೆ ಚೈನು ಏರಿಸಿಟ್ಟರೆ ಡಿರೇಲರು ಒಳಕ್ಕೆ ಸರಿದು ಸ್ವಲ್ಪ ಮರೆಯಾಗುತ್ತದೆ. ಅಲ್ಲೊಂದು ಮೆತ್ತೆ ಹೆಚ್ಚಿಗೆ ಹಾಕಿಸಿ, ಮಲಗಿಸುವುದಾದರೆ ಎಡಕ್ಕೇ ಮಲಗಿಸಿ ಎಂದು ಹಮಾಲರಿಗೆ ಹೇಳಬೇಕು. ಎಡ ಬಲ ಯಾವುದೆಂದು ಗೋಣಿಯ ಮೇಲೆ ದೊಡ್ಡದಾಗಿ ಬರೆಸುವುದೂ ಒಳ್ಳೆಯದೇ. ಇಷ್ಟಾದರೂ ವ್ಯಾನಿನ ಒಳಗೆ ಸೈಕಲ್ಲನ್ನು ಒರಗಿಸಲು ಒಂದು ಕೊಕ್ಕೆಯಿಲ್ಲ. ಮೀನಿನ ಪೆಟ್ಟಿಗೆ, ಬಟ್ಟೆಯ ಬೇಲು, ಹೂವಿನ ಬುಟ್ಟಿಗಳ ನಡುವೆ ಅದು ತನ್ನ ಪಾಡು ತಾನು ನೋಡಿಕೊಳ್ಳಬೇಕು.

ಇಳಿಯುವಾಗಿನ ಸಂಕಟ ಬೇರೆ. ಎರಡು ನಿಮಿಷ ನಿಲ್ಲುವ ಊರಿನಲ್ಲಿ ನೀವು ನಿಮ್ಮ ಬೋಗಿಯಿಂದ ಇಳಿದು ಗಾಡಿಯ ತುದಿಗೆ ಓಡುವಷ್ಟರಲ್ಲಿ ಸಿಳ್ಳೆ ಊದಿರುತ್ತದೆ. ಆದ್ದರಿಂದಲೇ ಅಂಥ ನಿಲ್ದಾಣಗಳಿಗೆ ಲಗೇಜು ಬುಕ್ ಮಾಡಲು ಕೌಂಟರಿನವರು ಹಿಂಜರಿಯುತ್ತಾರೆ. ಸೈಕಲ್ ಪ್ರವಾಸಕ್ಕೆ ಬೇಕಾಗುವುದು ಇಂಥ ಊರುಗಳೇ, ಜಂಕ್ಷನ್ನುಗಳಲ್ಲ. ಇದಕ್ಕೆ ಸವಾರರು ಕಂಡುಕೊಂಡ ಉಪಾಯ ಗಾಡಿ ಹುಟ್ಟುವ ಮತ್ತು ಮುಗಿಯುವ ನಿಲ್ದಾಣಗಳನ್ನೇ ಆರಿಸುವುದು. ತಾಳಗುಪ್ಪ ಹಳಿಯ ಕೊನೆ, ಜೋಗಕ್ಕೆ ಅಲ್ಲಿಂದ ಒಂದು ಗಂಟೆಯ ತುಳಿತ. ಮರಳುವಾಗ ಕಾರವಾರದಿಂದ ಬೆಂಗಳೂರಿಗೆ ಹೊರಡುವ ರಾತ್ರಿ ರೈಲಿದೆ. ಗಾಡಿ ಅಲ್ಲೇ ಹುಟ್ಟುವುದರಿಂದ ಹತ್ತಿಸಲು ಅವಸರವಿಲ್ಲ. ಹೊರಡುವ ಮೊದಲು ಆ ನಿಲ್ದಾಣಗಳಿಗೆ ಬುಕಿಂಗ್ ಉಂಟೋ ಎಂದು ಕೌಂಟರಿನಲ್ಲೇ ಕೇಳಿ ತಿಳಿಯಬೇಕು. ಟಿಕೆಟ್ಟಿನ ಆ್ಯಪು ನಿಮ್ಮ ಊಟ ಕೇಳುತ್ತದೆ, ಕೆಳ ಬರ್ತೋ ಮೇಲಿನದೋ ಎಂದು ಕೇಳುತ್ತದೆ, ಸೈಕಲ್ಲಿನ ಸುದ್ದಿ ಎತ್ತುವುದಿಲ್ಲ.

ಹೊರದೇಶಗಳಲ್ಲಿ ಎಲ್ಲವೂ ಚೆನ್ನ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಸೈಕಲ್ಲಿನ ಸ್ವರ್ಗವೆನ್ನುವ ನೆದರ್ಲೆಂಡಿನಲ್ಲೇ ಕೆಲಸದ ದಿನಗಳಲ್ಲಿ ಬೆಳಗ್ಗೆ ಮತ್ತು ಸಂಜೆಯ ಜನಜಂಗುಳಿಯ ಹೊತ್ತು ಮಡಚದ ಸೈಕಲ್ಲನ್ನು ರೈಲಿಗೆ ಹತ್ತಿಸುವಂತಿಲ್ಲ, ಉಳಿದ ಹೊತ್ತಿನಲ್ಲಿ ಸೈಕಲ್ಲಿಗೆ ಬೇರೆ ಟಿಕೆಟ್ಟು. ಜಪಾನಿನದು ಇನ್ನೊಂದು ತುದಿ. ಗಾಲಿ ಬಿಚ್ಚಿ ಇಡೀ ಸೈಕಲ್ಲನ್ನು ಚೀಲದೊಳಗೆ ಹಾಕಿದರೆ ರೈಲಿನಲ್ಲಿ ಪುಕ್ಕಟೆ, ಚೀಲದಿಂದ ಒಂದು ತುದಿಯೂ ಹೊರಗೆ ಇಣುಕಬಾರದು. ಇದಕ್ಕೆ ಅವರು 'ರಿಂಕೋ' ಎನ್ನುತ್ತಾರೆ. ಶಿಸ್ತು ಮೆಚ್ಚತಕ್ಕದ್ದೇ, ಆದರೆ ಬಿಚ್ಚಿ ಜೋಡಿಸುವ ಭಾರವೆಲ್ಲ ಸವಾರನ ಮೇಲೆ. ನನಗೆ ಹೆಚ್ಚು ಹಿಡಿಸಿದ್ದು ಯುರೋಪಿಯನ್ ಒಕ್ಕೂಟ 2021ರಲ್ಲಿ ಮಾಡಿದ ನಿಯಮ: ಹೊಸದಾಗಿ ಕೊಳ್ಳುವ ಅಥವಾ ದೊಡ್ಡ ಮಟ್ಟದಲ್ಲಿ ನವೀಕರಿಸುವ ರೈಲುಗಳಲ್ಲಿ ಕನಿಷ್ಠ 4 ಸೈಕಲ್ಲುಗಳಿಗೆ ಜಾಗ ಇರಬೇಕು. ನಾಲ್ಕೆಂಬುದು ದೊಡ್ಡ ಸಂಖ್ಯೆಯಲ್ಲ. ಆದರೆ ಸೈಕಲ್ಲು ಪ್ರಯಾಣಿಕನ ಜೊತೆಗಿರುವ ವಸ್ತು, ಗೋದಾಮಿನ ಸರಕಲ್ಲ ಎಂಬ ಒಪ್ಪಿಗೆ ಅದರಲ್ಲಿದೆ.

ನಮ್ಮಲ್ಲಿ ಗಾಳಿ ಎದುರು ದಿಕ್ಕಿಗೆ ಬೀಸುತ್ತಿದೆ. 2022ರ ನವೆಂಬರಿನಲ್ಲಿ ಮೈಸೂರು–ಚೆನ್ನೈ, 2023ರ ಜೂನಿನಲ್ಲಿ ಬೆಂಗಳೂರು–ಧಾರವಾಡ ವಂದೇ ಭಾರತ್ ಓಡತೊಡಗಿದವು. ವೇಗ ಬಂತು, ತಣ್ಣನೆ ಗಾಳಿ ಬಂತು, ಲಗೇಜ್ ವ್ಯಾನು ಮಾತ್ರ ಮಾಯವಾಯಿತು. ಗೋಣಿಯಲ್ಲಿ ಸುತ್ತಿದ ಸೈಕಲ್ಲಿಗೆ ಕೂಡ ಆ ಗಾಡಿಯಲ್ಲಿ ಜಾಗವಿಲ್ಲ. ಬೆಂಗಳೂರಿನ 'ನಮ್ಮ ಮೆಟ್ರೋ' 2020ರಲ್ಲಿ ಮಡಚುವ ಸೈಕಲ್ಲಿಗೆ ಅನುಮತಿ ಕೊಟ್ಟಾಗ ವಿಧಿಸಿದ ಅಳತೆ 60×45×25 ಸೆಂಟಿಮೀಟರ್. ಚಿಕ್ಕದಾಗಿ ಮಡಚಿಕೊಳ್ಳುವುದಕ್ಕೆ ಹೆಸರುವಾಸಿಯಾದ ಬ್ರಾಂಪ್ಟನ್ ಸೈಕಲ್ಲು ಕೂಡ ಮಡಚಿದಾಗ 56 ಸೆಂಟಿಮೀಟರಿಗೂ ಹೆಚ್ಚು ಅಗಲ, 27 ದಪ್ಪ. ಅನುಮತಿ ಬರೆದವರು ಟೇಪು ಹಿಡಿದು ಒಂದು ಸೈಕಲ್ಲನ್ನಾದರೂ ಅಳೆದಿದ್ದರೆ ಹೀಗಾಗುತ್ತಿರಲಿಲ್ಲ.

ಹಾಗಾಗಿ ನನ್ನ ತೀರ್ಪು ಹಳೆಯ ಬ್ರೇಕ್ ವ್ಯಾನಿನ ಪರವಾಗಿದೆ. ಎಲ್ಲರೂ ಬೈಯುವ ಪಾರ್ಸಲ್ ಆಫೀಸು, ಕಾಗದದ ರಸೀದಿ, ಗೋಣಿ, ಹಮಾಲಿಯ ಚೌಕಾಸಿ ಎಲ್ಲ ಸೇರಿದರೂ, ಸೈಕಲ್ಲನ್ನು ಸೈಕಲ್ಲಾಗಿಯೇ ಒಯ್ದು, ಗೋಣಿ ಕತ್ತರಿಸಿದ ಹತ್ತು ನಿಮಿಷಕ್ಕೆ ಸವಾರಿ ಕೊಡುವ ವ್ಯವಸ್ಥೆ ಇದೊಂದೇ. ಅದನ್ನು ಸುಧಾರಿಸಲು ಹೊಸ ಯೋಜನೆಯೇನೂ ಬೇಡ. ವ್ಯಾನಿನ ಗೋಡೆಗೆ ನಾಲ್ಕು ಕೊಕ್ಕೆ, ಟಿಕೆಟ್ಟಿನ ಆ್ಯಪಿನಲ್ಲಿ ಒಂದು ಕಾಲಂ, ಸಕಲೇಶಪುರ, ಕುಮಟಾಗಳಂಥ ಪ್ರವಾಸಿ ಊರುಗಳಲ್ಲಿ ಸೈಕಲ್ಲಿದ್ದ ದಿನ ಎರಡು ನಿಮಿಷ ಹೆಚ್ಚಿನ ನಿಲುಗಡೆ. ಮುಂದಿನ ವಂದೇ ಭಾರತ್ ಗಾಡಿಗಳ ನಕ್ಷೆ ಬರೆಯುವಾಗಲಾದರೂ ಆ ನಾಲ್ಕು ಸೈಕಲ್ಲುಗಳ ಜಾಗವನ್ನು ಬಿಡಲಿ. ಅಲ್ಲಿಯವರೆಗೆ ಸೈಕಲ್ ಗೆಳೆಯರು ಕಾರಿನ ರ‍್ಯಾಕು ಕೊಳ್ಳುವ ಮೊದಲು ಒಮ್ಮೆ ಪಾರ್ಸಲ್ ಆಫೀಸಿಗೆ ಹೋಗಿ ಬುಕ್ ಮಾಡಿಸಿ ನೋಡಲಿ. ಬುಕಿಂಗ್ ಪುಸ್ತಕದಲ್ಲಿ ಸೈಕಲ್ಲುಗಳ ಹೆಸರೇ ಕಾಣದಿದ್ದರೆ, ಇದಕ್ಕೆ ಗಿರಾಕಿಗಳೇ ಇಲ್ಲ ಎಂದು ಇಲಾಖೆ ಹೇಳುವುದು ಸುಲಭ.