ಬೀರುವಿನ ಚಿನ್ನ, ಮಗ್ಗದ ರೇಷ್ಮೆ

ಜಟಿಂಗ ರಾಮೇಶ್ವರ ಬೆಟ್ಟದ ಜಾತ್ರೆಗೆ ಮನೆಗೆ ಬೀಗ ಜಡಿದು ಹೊರಡುವ ಮೊಳಕಾಲ್ಮೂರಿನ ಕುಟುಂಬಕ್ಕೆ ಭೂಕಂಪದ ಚಿಂತೆಯಿಲ್ಲ; ಇರುವುದು ಕಳ್ಳರದ್ದು. ಸೀತೆಯನ್ನು ಕದ್ದೊಯ್ದವನ ಜೊತೆ ಸೆಣಸಿ ಜಟಾಯು ಬಿದ್ದ ಜಾಗವೂ ಇದೇ ಎನ್ನುತ್ತಾರಲ್ಲ! 2021ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ‘ಭಾರತ್ ಗೃಹ ರಕ್ಷಾ’ ಎಂಬ ಗೃಹ ವಿಮೆ ಪಾಲಿಸಿ ಕಳ್ಳರ ಚಿಂತೆಗೆ ಕೊಡುವ ಉತ್ತರ ಅರೆಬರೆ. ಬೆಂಕಿ, ಸಿಡಿಲು, ನೆರೆ, ಭೂಕಂಪಕ್ಕೆಲ್ಲ ರಕ್ಷಣೆ ಉಂಟು. ಕಳವಿಗೆ ಪರಿಹಾರ ಸಿಗಬೇಕಾದರೆ ಮಾತ್ರ ಅದು ಇಂಥದೊಂದು ಅವಘಡದ ಕಾರಣದಿಂದಲೇ, 7 ದಿನಗಳೊಳಗೆ ಆಗಿರಬೇಕು. ಮನೆಗೆ ಬೆಂಕಿ ಬೀಳಲೆಂದು ಯಾವ ಕಳ್ಳ ಕಾಯುತ್ತಾನೆ? ಬರೀ ಕಳ್ಳತನಕ್ಕೆ ಬೇರೆಯೇ ವಿಮೆ ಕೊಳ್ಳಬೇಕು.

ಉಳಿದಂತೆ ಪಾಲಿಸಿ ಉದಾರವೇ. ಕಟ್ಟಡಕ್ಕೆ ವಿಮೆ ಮಾಡಿಸಿದರೆ ಅದರ ಮೊತ್ತದ ಶೇ. 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ಮನೆಸಾಮಾನಿಗೆ ತಾನಾಗಿಯೇ ರಕ್ಷಣೆ ಸಿಗುತ್ತದೆ. ಪಟ್ಟಿ ಕೊಡುವ ಗೋಜಿಲ್ಲ. ಉಡುವ ಬಟ್ಟೆಯೂ ಈ ಲೆಕ್ಕಕ್ಕೆ ಬರುವುದರಿಂದ ಟ್ರಂಕಿನಲ್ಲಿರುವ ಮದುವೆಯ ರೇಷ್ಮೆ ಸೀರೆ ಇದರಲ್ಲೇ ಸೇರುತ್ತದೆ.

ಒಡವೆಗೆ ಹಾಗಲ್ಲ; ನಾವೇ ಕೇಳಿ, ಬೆಲೆ ಒಪ್ಪಿಸಿ ಸೇರಿಸಬೇಕು. ಒಟ್ಟು 5 ಲಕ್ಷದೊಳಗಿದ್ದು, ಯಾವ ಒಂದು ವಸ್ತುವೂ 1 ಲಕ್ಷ ಮೀರದಿದ್ದರೆ ಮೌಲ್ಯಮಾಪನ ಪತ್ರ ಬೇಡ. 2021ರಲ್ಲಿ ಇದು ನಿಜಕ್ಕೂ ಸೌಲಭ್ಯವಾಗಿತ್ತು: 10 ಗ್ರಾಂ ಚಿನ್ನಕ್ಕೆ 50 ಸಾವಿರದ ಆಸುಪಾಸು ಬೆಲೆ, 20 ಗ್ರಾಂನ ಸರವೂ ಮಿತಿಯೊಳಗೇ ನಿಲ್ಲುತ್ತಿತ್ತು. 2025ರಲ್ಲಿ 10 ಗ್ರಾಂ ಬೆಲೆಯೇ ಲಕ್ಷ ದಾಟಿತು. ಬಡವರ ಮನೆಯ ಒಂದೆಳೆ ಮಾಂಗಲ್ಯದ ಸರಕ್ಕೂ ಈಗ ಪತ್ರ ತರಬೇಕಾಗಬಹುದು. ಚಿನ್ನದ ದರಕ್ಕೆ ತಕ್ಕಂತೆ ಏರದ ಮಿತಿ ಈ ಪಾಲಿಸಿಯ ದೊಡ್ಡ ದೋಷ.

ಇನ್ನು ಮಗ್ಗ. ಭೌಗೋಳಿಕ ಸೂಚಿಕೆ ಪಡೆದ ಮೊಳಕಾಲ್ಮೂರು ಸೀರೆ ಹುಟ್ಟುವುದು ವಾಸದ ಮನೆಯೊಳಗೇ. ಆದರೆ ಪಾಲಿಸಿಯ ಮನೆಸಾಮಾನೆಂದರೆ ಟಿವಿ, ಪೀಠೋಪಕರಣ, ಅಡುಗೆ ಪಾತ್ರೆಗಳಂಥ ಗೃಹಬಳಕೆಯ ವಸ್ತು. ದುಡಿಮೆಯ ಮಗ್ಗ, ಅದಕ್ಕೆ ಹೂಡಿದ ರೇಷ್ಮೆ ಹಾಸು, ಜರಿ ಅದರಲ್ಲಿ ಸೇರುವುದಿಲ್ಲ. ಎಷ್ಟೋ ಕಡೆ ಆ ರೇಷ್ಮೆ ನೇಕಾರನದ್ದೂ ಅಲ್ಲ. ಕೂಲಿಗೆ ನೇಯಿಸುವ ಮಾಲೀಕನದ್ದು. ಸುಟ್ಟರೆ ನಷ್ಟದ ಜೊತೆ ಸಾಲವೂ ನೇಕಾರನ ತಲೆಗೇ ಬರಬಹುದು. ಇಂಥ ಸರಕಿಗೆ ಗೃಹ ರಕ್ಷಾ ಜಾರಿಯಾದ ದಿನವೇ ಬಂದ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಇದೆ. ಎಂದರೆ ಹತ್ತಡಿ ಕೋಣೆಯಲ್ಲಿ ಮಂಚಕ್ಕೊಂದು ಪಾಲಿಸಿ, ಮಗ್ಗಕ್ಕೊಂದು. ಮನೆಯಲ್ಲಿ ಮಗ್ಗವಿದೆಯೇ ಎಂಬ ಪ್ರಶ್ನೆಯನ್ನು ಗೃಹ ವಿಮೆಯ ಅರ್ಜಿಯಲ್ಲೇ ಕೇಳಿ, ಎರಡನ್ನೂ ಒಂದೇ ಕಂತಿಗೆ ಜೋಡಿಸಬಾರದೇಕೆ?